ಗವಿ ತೋರಿಸದವಳು

ನನ್ನನ್ನು ಯಾರೂ ಕಟ್ಟಿಹಾಕಿರಲಿಲ್ಲ. ಆ ಮಾತನ್ನು ಆಗ ಎಲ್ಲರೂ ನನಗೆ ಮತ್ತೆ ಮತ್ತೆ ಹೇಳ್ತಿದ್ದರು. "ಕಾಲು ನಿಂದು, ದಾರಿ ನಿಂದು, ಎಲ್ಲಿಗೆ ಬೇಕೋ ಹೋಗು ನಾಸಿಯೆಕು" ಅಂತ ನಮ್ಮ ಭಾವ ಸೈದಿಮು ದಿನಾ ಬೆಳಿಗ್ಗೆ ಚಹಾ ಹೀರ್ತಾ ಹೇಳೋರು. ಹೇಳೋವಾಗ ನನ್ನ ಮುಖ ನೋಡ್ತಿರಲಿಲ್ಲ, ಪಾದ ನೋಡ್ತಿದ್ದರು.

ನನ್ನ ಎಡಪಾದ ಒಳಕ್ಕೆ ತಿರುಗಿದೆ. ಚಿಕ್ಕವಳಿದ್ದಾಗ ಕತ್ತೆ ತುಳಿದು ಮೂಳೆ ಮುರಿದು, ಸೊಟ್ಟಗೇ ಕೂಡಿಕೊಂಡಿತು. ನಮ್ಮ ಸಂಬುರು ಸೀಮೆಯಲ್ಲಿ ಹೆಜ್ಜೆ ನೋಡಿ ಯಾರದು ಅಂತ ಹೇಳೋಕೆ ಮಕ್ಕಳಿಗೂ ಬರುತ್ತೆ, ಇನ್ನು ನನ್ನ ಹೆಜ್ಜೆ ಗುರುತಿಸೋಕೆ ಕಣ್ಣೊಂದು ಇದ್ದರೆ ಸಾಕು. ಟೈರ್ ಚಪ್ಪಲಿ ಹಾಕಿದರೂ ಅಷ್ಟೇ, ಬರಿಗಾಲಾದರೂ ಅಷ್ಟೇ. ಮುಳ್ಳುಬೇಲಿಯ ಬಾಗಿಲಲ್ಲಿ ಭಾವನ ಹಿರಿಮಗ ಟಿಕೋಯಿಶಿ ಕೂತಿರೋನು. ಪಕ್ಕದಲ್ಲಿ ಈಟಿ, ಕೈಯಲ್ಲಿ ಪುಟ್ಟ ಕನ್ನಡಿ. ಕೆಮ್ಮಣ್ಣು ಮೆತ್ತಿದ ಜಡೆ ತಿದ್ದಿಕೊಳ್ಳೋದೇ ತನ್ನ ಕಸುಬು ಅನ್ನೋ ಹಾಗೆ ಇರೋನು. ನಾನು ನೀರಿಗೆ ಹೊರಟರೆ ಎದ್ದು ಹಿಂದೆ ಬರೋನು. "ಕೊಡ ಹೊರೋಕೆ ಬಂದೆಯೇನೋ, ದೊಡ್ಡ ವೀರ?" ಅಂತ ಕೇಳಿದರೆ ಹಲ್ಲು ಕಿರಿಯೋನು. ಈಟಿ ಹಿಡಿದ ಗಂಡು ನೀರು ಹೊರೋದನ್ನ ನಮ್ಮಲ್ಲಿ ಯಾರೂ ಕಂಡಿಲ್ಲ.

ಅವರಿಗೆ ಬೇಕಾಗಿದ್ದು ಕಾಡುನಾಯಿಗಳ ಗವಿ. ಅದು ಗುಡ್ಡದಲ್ಲಿ ಎಲ್ಲಿದೆ ಅಂತ ಗೊತ್ತಿದ್ದದ್ದು ನನಗೊಬ್ಬಳಿಗೆ. ಗವಿಯಲ್ಲಿ ಮರಿಗಳಿದ್ದವು. ನಾನು ಹೋದರೆ ನನ್ನ ಹೆಜ್ಜೆ ಹಿಡಿದು ಇವರು ಬರ್ತಾರೆ, ಬಂದರೆ ವಿಷ ಇಡ್ತಾರೆ. ಹಾಗಾಗಿ ನಾನು ಮನೆ ಬಾಗಿಲಲ್ಲಿ ಕೂತು ಮಣಿ ಪೋಣಿಸ್ತಿದ್ದೆ. ಮಣಿ ಪೋಣಿಸೋದು ಅಂದರೆ ನನಗೆ ಮೊದಲಿಂದ ಆಗಿಬರೋದಿಲ್ಲ.

ನಾಯಿ ಕಾಯೋದು ನನ್ನ ಕೆಲಸ. ನಗೋರು ನಕ್ಕುಬಿಡಿ, ಊರೆಲ್ಲ ನಕ್ಕಾಗಿದೆ. ಗಂಡ ತೀರಿಕೊಂಡ ಮೇಲೆ ಭಾವನ ಬೇಲಿಯೊಳಗೇ ನನ್ನ ಗುಡಿಸಲು, ಭಾವನ ಮಂದೆಯೊಳಗೇ ನನ್ನ ಮೇಕೆ. ಕಾಡುಪ್ರಾಣಿಗಳ ಲೆಕ್ಕ ಇಡೋ ಯೋಜನೆಯವರು ಬಂದು, ಗುಡ್ಡ ಬಲ್ಲವರು ಬೇಕು ಅಂದಾಗ ಗಂಡಸರೆಲ್ಲ ಸಿಂಹಕ್ಕೆ, ಆನೆಗೆ ಮುಗಿಬಿದ್ದರು. ಕಾಡುನಾಯಿ ಯಾರಿಗೂ ಬೇಡವಾಗಿತ್ತು. ಉಳಿದದ್ದು ನನ್ನ ಪಾಲಿಗೆ ಬಂತು. "ನಾಯಿಗಳ ಅತ್ತೆ" ಅಂತ ನನಗೆ ಹೆಸರಿಟ್ಟರು. ಇಟ್ಟುಕೊಳ್ಳಲಿ ಅಂತ ಸುಮ್ಮನಾದೆ.

ಮೊದಲ ವರ್ಷ ನನಗೂ ಅವು ಕಳ್ಳಮುಖದ ಪ್ರಾಣಿಗಳಾಗೇ ಕಂಡವು. ಮೈಮೇಲೆ ಕಪ್ಪು, ಹಳದಿ, ಬಿಳಿ ಯಾರೋ ಎರಚಿದ ಹಾಗೆ ಬಣ್ಣ, ತಟ್ಟೆಯಗಲ ಕಿವಿ. ಆಮೇಲೆ ಗೊತ್ತಾಯಿತು ಅವುಗಳ ಸಂಸಾರ. ಗುಂಪಿಗೆ ಯಜಮಾನಿ ಒಬ್ಬಳೇ, ಮರಿ ಹಾಕೋದು ಅವಳೇ. ಇವಳ ಬಲಗಿವಿ ಹರಿದಿತ್ತು, ಹರಕುಕಿವಿ ಅಂತ ನಾನೇ ಹೆಸರಿಟ್ಟೆ. ಉಳಿದವು ಬೇಟೆಗೆ ಹೋಗಿ ಹೊಟ್ಟೆ ತುಂಬ ತಿಂದು ಬಂದು ಬಾಣಂತಿಗೆ, ಮರಿಗಳಿಗೆ, ಮನೆ ಕಾಯೋಕೆ ಉಳಿದವನಿಗೆ ಎಲ್ಲರಿಗೂ ಕಕ್ಕಿ ಕೊಡ್ತವೆ. ಕುಂಟನಿಗೂ ಪಾಲುಂಟು. ನಮ್ಮ ಮನೆಗಳಲ್ಲಿ ಇಷ್ಟು ನ್ಯಾಯ ಇಲ್ಲ ಅಂತ ನಾನು ಬಾಯಿಬಿಟ್ಟು ಹೇಳಿ ಬೈಸಿಕೊಂಡಿದ್ದೀನಿ.

ವರ್ಷದ ಉಳಿದ ದಿನ ಅವು ಯಾರ ಕೈಗೂ ಸಿಕ್ಕೋದಿಲ್ಲ. ಇವತ್ತು ಇಲ್ಲಿ ಕಂಡರೆ ನಾಳೆ ಎರಡು ಗುಡ್ಡದಾಚೆ. ಮರಿ ಹಾಕಿದಾಗ ಮಾತ್ರ ಮೂರು ತಿಂಗಳು ಒಂದೇ ಬಿಲಕ್ಕೆ ಕಟ್ಟುಬೀಳ್ತವೆ. ಅವುಗಳನ್ನ ಕೊಲ್ಲಬೇಕು ಅನ್ನೋರಿಗೂ ಅದೇ ಸಮಯ. ಕತ್ತಿಗೆ ರೇಡಿಯೊ ಪಟ್ಟಿ ಹಾಕಿದ್ದ ಗಂಡು ಹಿಂದಿನ ವರ್ಷ ಸತ್ತಿತ್ತು, ಹಾಗಾಗಿ ಅವು ಎಲ್ಲಿವೆ ಅಂತ ಹೇಳೋಕೆ ಬೇರೆ ಯಂತ್ರ ಇರಲಿಲ್ಲ. ದಿನಾ ನಸುಕಿಗೆ ಹೋಗಿ ಗವಿಯೆದುರಿನ ಬಂಡೆಯ ಮೇಲೆ ನಾನು ಕೂರಬೇಕು, ಯಾರು ಹೊರಟರು, ಯಾರು ಬಂದರು, ಮರಿ ಎಷ್ಟು, ಯಾವುದಕ್ಕೆ ಗಾಯ ಅಂತ ನೋಡಬೇಕು, ಸಂಜೆ ಫೋನಿನಲ್ಲಿ ಮುತ್ವಿರಿಗೆ ಹೇಳಬೇಕು. ಮುತ್ವಿರಿ ಅಂದರೆ ಯೋಜನೆಯ ಕಡೆಯ ಹುಡುಗ. ಮೇರು ಸೀಮೆಯವನು, ಓದಿದವನು, ಒಳ್ಳೆಯವನು. ಸ್ವಲ್ಪ ಹೆಚ್ಚೇ ಒಳ್ಳೆಯವನು.

ಆ ಸಲ ಮರಿಗಳು ಗವಿಯಿಂದ ಹೊರಗೆ ಬಂದು ಕಾಲು ಊರೋಕೆ ಶುರುಮಾಡಿದ್ದವು. ಹೊಟ್ಟೆ ಸೋರೆಬುರುಡೆ, ಮೂತಿ ಕರಿ. ಒಂದರ ಮೇಲೊಂದು ಬಿದ್ದು, ಎದ್ದು, ಮತ್ತೆ ಬಿದ್ದು. ನನಗೆ ಮಕ್ಕಳಾಗಲಿಲ್ಲ. ಅದನ್ನ ಇಲ್ಲಿ ಯಾಕೆ ಹೇಳಿದೆ ಅಂತ ಕೇಳಬೇಡಿ.

ಅಷ್ಟರಲ್ಲೇ ಮೇಕೆ ಸತ್ತವು.

ಒಂದು ಬೆಳಿಗ್ಗೆ ನನ್ನ ಓರಗಿತ್ತಿ ನಾಬಿಕಿ, ಅಂದರೆ ಭಾವನ ಹೆಂಡತಿ, ಒಣಹೊಳೆಯ ದಡದಲ್ಲಿ ಮಂದೆ ಮೇಯಿಸ್ತಿದ್ದಾಗ ಕಾಡುನಾಯಿಗಳು ನುಗ್ಗಿ ನಾಲ್ಕೈದು ಮೇಕೆ ಕೆಡವಿದವು. ವಾರದೊಳಗೆ ಇನ್ನೊಂದು ಸಲ. ನಮ್ಮ ಕಡೆ ಇದು ನಡೆಯೋ ಮಾತಲ್ಲ. ಮನುಷ್ಯರ ದನಿ ಕೇಳಿದರೆ ಅವು ದೂರದಿಂದಲೇ ಬಾಲ ಮುದುರಿ ಹೋಗ್ತವೆ. ಕಾಯೋರಿಲ್ಲದ ಮಂದೆಗೆ ಬಿದ್ದರೆ ಬೇರೆ, ಆದರೆ ನಾಬಿಕಿ ಅಲ್ಲೇ ಇದ್ದಳು. ನಿದ್ದೆ ಹೋಗಿದ್ದಳು ಅಂತ ಭಾವ ಅವಳ ಮೇಲೆ ಹರಿಹಾಯ್ದರು. ಅವಳು ಅಳುತ್ತಾ ಇಲ್ಲ ಇಲ್ಲ ಅಂದಳು. ಯಾರೂ ನಂಬಲಿಲ್ಲ. ನಿಜ ಹೇಳಬೇಕಂದರೆ ನಾನೂ ನಂಬಲಿಲ್ಲ.

ಗಂಡಸರು ಜಾಲಿಮರದ ಕೆಳಗೆ ಸೇರಿದರು. ಹುಳಕ್ಕೆ ಹಾಕೋ ವಿಷ ವಂಬಾ ಪೇಟೆಯಲ್ಲಿ ಸಿಗುತ್ತೆ, ಸತ್ತ ಮೇಕೆಯ ಮಾಂಸವೂ ಇದೆ. ಆದರೆ ಬಯಲಲ್ಲಿ ಇಟ್ಟರೆ ಹದ್ದು ತಿನ್ನುತ್ತೆ, ನಮ್ಮದೇ ಮನೆನಾಯಿ ತಿಂದು ಸಾಯುತ್ತೆ. ಗವಿಯ ಬಾಯಿಗೇ ಇಡಬೇಕು ಅಂತಾಯಿತು. ಆಗ ಎಲ್ಲರ ಕಣ್ಣೂ ನನ್ನ ಕಡೆ ತಿರುಗಿತು. ಎಲ್ಲಿದೆ ಅಂತ ಭಾವ ಕೇಳಿದರು. ಹೇಳೋದಿಲ್ಲ ಅಂದೆ. ಅವರು ಹೊಡೀಲಿಲ್ಲ, ಬೈಯಲಿಲ್ಲ. ಸರಿ, ಹೇಳಬೇಡ, ದಿನಾ ಹೋಗ್ತೀಯಲ್ಲ, ಹೋಗು ಅಂದರು. ಆ ಗಳಿಗೆಯಿಂದಲೇ ಟಿಕೋಯಿಶಿ ಬಾಗಿಲಿಗೆ ಬಂದು ಕೂತ.

ಮುತ್ವಿರಿಗೆ ಫೋನು ಮಾಡಿ ಹೇಳಿದೆ. ಗಾಡಿ ತಗೊಂಡು ಬಂದು ಕರೆದೊಯ್ತೀನಿ ಅಂದ. ಗಾಡಿಯ ಜಾಡು ಕುರುಡನಿಗೂ ಕಾಣುತ್ತೆ ಮಾರಾಯ, ಬರಬೇಡ ಅಂದೆ. ಹಾಗಾದರೆ ಮರಿಗಳು ದೊಡ್ಡವಾಗೋ ತನಕ ಪೇಟೆಗೆ ಬಂದು ಇದ್ದುಬಿಡಿ ಅಂದ. ಅವನ ಲೆಕ್ಕ ಸರಿಯಾಗೇ ಇತ್ತು. ಆದರೆ ಮೂರನೇ ಸಲ ಮೇಕೆ ಸತ್ತರೆ ಇವರು ನನಗೆ ಕಾಯೋದಿಲ್ಲ. ನೆಂಟರನ್ನೆಲ್ಲ ಕರೆದು ಸಾಲಾಗಿ ನಿಂತು ಇಡೀ ಗುಡ್ಡ ಜಾಲಾಡ್ತಾರೆ. ಹೋದರೂ ಕೆಟ್ಟೆ, ಕೂತರೂ ಕೆಟ್ಟೆ. ಇಷ್ಟು ದೊಡ್ಡ ಬಯಲಿನ ನಡುವೆ ನಾಲ್ಕು ಮಾರು ಬೇಲಿಯೊಳಗೆ ನಾನು ಸುತ್ತು ಹಾಕ್ತಿದ್ದೆ. ಒಲೆಯ ಮುಂದೆ ಕೂತರೆ ಎದ್ದು ನಿಲ್ಲಬೇಕು ಅನ್ನಿಸೋದು, ನಿಂತರೆ ಎಲ್ಲಿಗೆ ಹೋಗಲಿ ಅನ್ನಿಸೋದು. ಗುಡ್ಡದ ಕಡೆ ನೋಡೋಕೂ ಹೆದರಿಕೆ, ಎಲ್ಲಿ ನನ್ನ ಕಣ್ಣು ಒಂದೇ ಕಡೆ ನಿಂತುಬಿಡುತ್ತೋ, ಆ ಹುಡುಗ ಅದನ್ನೂ ಓದಿಬಿಡ್ತಾನೋ ಅಂತ.

ನಾಬಿಕಿ ನನ್ನ ಜೊತೆ ಮಾತು ಬಿಟ್ಟಿದ್ದಳು. ಆಮೇಲೊಂದು ಮಧ್ಯಾಹ್ನ ತಾನೇ ಬಂದು ಪಕ್ಕದಲ್ಲಿ ಕೂತಳು. ಗಂಡನ ಕೈಲಿ, ಮಕ್ಕಳ ಕೈಲಿ ನಿದ್ದೆಬುರುಕಿ ಅನ್ನಿಸಿಕೊಂಡು ಅವಳ ಮುಖ ಬಾಡಿಹೋಗಿತ್ತು.

"ನಿನ್ನ ನಾಯಿಗಳ ಆಣೆ ಹಾಕಿ ಹೇಳ್ತೀನಿ, ನಾನು ಮಲಗಿರಲಿಲ್ಲ ಕಣೇ" ಅಂದಳು. "ಎದ್ದು ನಿಂತು ಹಾಡ್ತಾನೇ ಇದ್ದೆ. ಆ ಕಿವಿ ಹರಿದ ಹೆಣ್ಣು ನಿಂತು ನನ್ನನ್ನ ನೋಡ್ತು. ಓಡಿಹೋಗುತ್ತೆ ಅಂದ್ಕೊಂಡೆ. ನಾನೇನೋ ಒಂದು ಗಿಡ ಅನ್ನೋ ಹಾಗೆ ನೋಡಿ, ತನ್ನ ಪಾಡಿಗೆ ಮೇಕೆ ಕಡೆ ತಿರುಗ್ತು."

"ಏನು ಹಾಡ್ತಿದ್ದೆ?" ಅಂದೆ.

"ಇನ್ನೇನು ಹಾಡ್ಲಿ, ಅತ್ತೆ ಕಲಿಸಿದ್ದು."

ಮಣಿಯ ದಾರ ಕೈಯಿಂದ ಜಾರಿತು.

ಇದನ್ನ ಬಿಡಿಸಿ ಹೇಳಬೇಕು. ನಾವು ಯಾರ ಮನೆ ಹತ್ತಿರಕ್ಕೂ ಸದ್ದಿಲ್ಲದೆ ಹೋಗೋದಿಲ್ಲ. ಸದ್ದಿಲ್ಲದೆ ಬರೋನು ದನ ಕದಿಯೋಕೆ ಬಂದವನು. ದೂರದಿಂದಲೇ ಕೆಮ್ಮಬೇಕು, ಹಾಡಬೇಕು, ಏನಾದರೂ ಮಾಡಿ ನಾನು ಬರ್ತಿದ್ದೀನಿ ಅಂತ ತಿಳಿಸಬೇಕು. ಹುಟ್ಟಿದಂದಿನಿಂದ ಮೈಗೆ ಹತ್ತಿದ ನಡತೆ ಅದು. ಮುತ್ವಿರಿ ಮೊದಲ ದಿನವೇ ನನಗೆ ಹೇಳಿದ್ದ, ಗವಿ ಹತ್ತಿರ ತುಟಿ ಬಿಚ್ಚಬೇಡಿ ಅಮ್ಮ, ಉಸಿರೂ ಮೆಲ್ಲಗೆ ಬಿಡಿ ಅಂತ. ನಾನು ಆಯಿತು ಅಂದೆ, ಒಂದು ದಿನವೂ ಪಾಲಿಸಲಿಲ್ಲ. ಬಾಣಂತಿ ಇರೋ ಮನೆ ಎದುರು ಕಳ್ಳಿಯ ಹಾಗೆ ಕೂರೋದು ನನ್ನ ಕೈಲಾಗಲಿಲ್ಲ. ಮೊದಮೊದಲು ನನ್ನನ್ನ ಕಂಡು ಅವು ಬೆಚ್ಚಿ ಬೊಗಳೋವು. ನಾನು ಬಂಡೆ ಹತ್ತುವಾಗ ಮೆಲ್ಲಗೆ ದನಿ ತೆಗೆಯೋಕೆ ಶುರುಮಾಡಿದೆ. ನಾಲಿಗೆಗೆ ಬಂದದ್ದು ಮೇಕೆ ಕರೆಯೋ ಹಾಡು. ಬಾರೇ ಕರಿಯವಳೇ, ಬಾರೇ ಚುಕ್ಕೆಯವಳೇ ಅಂತ ಎಳೆದು ಎಳೆದು ಹಾಡೋದು, ನಡುನಡುವೆ ನಾಲಿಗೆ ಲೊಟಕ್ಕೆನ್ನಿಸೋದು. ನಮ್ಮ ಅತ್ತೆ ಇಬ್ಬರು ಸೊಸೆಯರಿಗೂ ಕೂರಿಸಿಕೊಂಡು ಕಲಿಸಿದ್ದು, ನಾಬಿಕಿ ತನ್ನ ಹೆಣ್ಣುಮಕ್ಕಳಿಗೆ ಕಲಿಸಿದ್ದು. ನಮ್ಮ ಮಂದೆಗೆ ಬೇರೆ ಹಾಡಿಲ್ಲ. ಸ್ವಲ್ಪ ದಿನದಲ್ಲೇ ನಾಯಿಗಳು ಬೊಗಳೋದು ಬಿಟ್ಟವು. ಹರಕುಕಿವಿ ತಲೆ ಎತ್ತಿ ನೋಡಿ, ಇವಳಾ ಅಂತ ಮತ್ತೆ ತಲೆ ಇಡೋಳು. ನಾನು ಹಿಗ್ಗಿದೆ. ನನ್ನನ್ನ ಒಪ್ಪಿಕೊಂಡಳು ಅಂತ ಹಿಗ್ಗಿ ಹೀರೇಕಾಯಿಯಾದೆ.

ಹಾಡು ಕೇಳಿದರೆ ಹೆದರಬೇಕಾಗಿಲ್ಲ ಅಂತ ನಾನೇ ಅವಕ್ಕೆ ಪಾಠ ಹೇಳಿಕೊಟ್ಟಿದ್ದೆ. ಆಮೇಲೆ ಅದೇ ಹಾಡು ಹಾಡುತ್ತಾ ನಾಬಿಕಿ ಮಂದೆಯ ನಡುವೆ ನಿಂತಿದ್ದಳು.

ನಾಬಿಕಿಗೆ ಆಗಲೇ ಹೇಳಿದೆ. ಅವಳು ನನ್ನ ತಲೆಯ ಮೇಲೆ ಒಂದು ಮೊಟಕಿದಳು, ಚಿಕ್ಕ ಮಕ್ಕಳಿಗೆ ಮೊಟಕೋ ಹಾಗೆ, ಜೋರಾಗೇ. "ಮನೆಹಾಳಿ" ಅಂದಳು. ಅಂದು, ಅಲ್ಲೇ ಕೂತಳು, ಎದ್ದು ಹೋಗಲಿಲ್ಲ.

ಅವತ್ತೇ ಸಂಜೆ ಗಂಡಸರು ಮರದ ಕೆಳಗಿದ್ದಾಗ ನಾನು ಹೋಗಿ ಎದುರು ನಿಂತೆ. ಹೆಂಗಸರು ಅಲ್ಲಿ ಕರೆಯದೆ ಹೋಗೋದಿಲ್ಲ. ಭಾವ ಹುಬ್ಬು ಗಂಟಿಕ್ಕಿದರು.

"ನಿಮ್ಮ ಮೇಕೆ ಕೊಂದದ್ದು ನನ್ನ ನಾಲಿಗೆ ಭಾವ" ಅಂದೆ. ಎಲ್ಲ ಹೇಳಿದೆ. ಗವಿ ಎದುರು ಹಾಡಿದ್ದು, ನಾಯಿಗಳು ಹಾಡಿಗೆ ಒಗ್ಗಿದ್ದು, ನಾಬಿಕಿ ಎಚ್ಚರವಾಗೇ ಇದ್ದದ್ದು.

ಟಿಕೋಯಿಶಿ ಹೊಟ್ಟೆ ಹಿಡಿದುಕೊಂಡು ನಕ್ಕ. ಚಿಕ್ಕಮ್ಮ ನಾಯಿಗೆ ಜೋಗುಳ ಹಾಡಿದಳಂತೆ ಅಂತ ಪಕ್ಕದವನ ಬೆನ್ನು ಚಪ್ಪರಿಸಿದ. ಭಾವ ನಗಲಿಲ್ಲ. ಈ ಮನುಷ್ಯನನ್ನ ನಾನು ಎಷ್ಟೇ ಬೈದರೂ ಒಂದು ಮಾತು ಹೇಳಬೇಕು, ಯೋಚನೆ ಮಾಡೋವಾಗ ಪೂರ್ತಿ ಯೋಚನೆ ಮಾಡ್ತಾರೆ. ನಾಬಿಕಿಯನ್ನ ಕರೆಸಿ ಕೇಳಿದರು. ಮೂಗಿನಪುಡಿ ಏರಿಸಿದರು. ಆಮೇಲೆ, ಈಗ ನಿನ್ನ ಬಾಯಲ್ಲೇ ಬಂತಲ್ಲ, ಏನು ಮಾಡ್ತೀಯ ಅಂದರು.

"ಮಂದೆ ನನಗೆ ಕೊಡಿ. ನಾನು ಮೇಯಿಸ್ತೀನಿ. ಅವು ಬಂದಾಗ ಅದೇ ಹಾಡು ಹಾಡ್ತಾ ಹೊಡೀತೀನಿ. ಮರೆಯದ ಹಾಗೆ ಹೊಡೀತೀನಿ."

"ಒಂದು ಮೇಕೆಮರಿ ಹೋದರೂ?"

"ಹೋದರೆ ನಾನೇ ಮುಂದೆ ನಡೆದು ಗವಿ ತೋರಿಸ್ತೀನಿ."

ಭಾವ ನೆಲದಿಂದ ಹಸಿಹುಲ್ಲು ಕಿತ್ತು ನನ್ನ ಕೈಗೆ ಕೊಟ್ಟರು. ಹುಲ್ಲು ಹಿಡಿದು ಆಡಿದ ಮಾತನ್ನ ನಮ್ಮಲ್ಲಿ ಮುರಿಯೋ ಹಾಗಿಲ್ಲ, ಮುರಿದರೆ ಹಿರಿಯರ ಶಾಪ ಮಂದೆಯನ್ನೂ ಬಿಡೋದಿಲ್ಲ, ಮನುಷ್ಯರನ್ನೂ ಬಿಡೋದಿಲ್ಲ. ನಾನು ಹುಲ್ಲು ಹಿಡಿದು ಇನ್ನೊಂದು ಸಲ ಹೇಳಿದೆ. ನನ್ನ ಕುತ್ತಿಗೆಗೆ ನಾನೇ ಹಗ್ಗ ಬಿಗಿದುಕೊಂಡ ಹಾಗಾಯಿತು. ಟಿಕೋಯಿಶಿ ಜೊತೆಗಿದ್ದು ನೋಡಲಿ, ಈಟಿ ಎತ್ತಬಾರದು ಅಂತ ಭಾವ ಹೇಳಿದರು. ಅವನ ಮುಖ ಹುಳ್ಳಗಾಯಿತು.

ಮಾರನೇ ದಿನದಿಂದ ನಾನು ಮಂದೆಯ ಹಿಂದೆ. ಬೆಳಗಿನ ತಂಪಿನಲ್ಲಿ ಅವು ಬೇಟೆಗೆ ಇಳಿಯೋ ದಾರಿ ನನಗೆ ಗೊತ್ತಿತ್ತು. ಒಣಹೊಳೆಯ ತಿರುವಿನಲ್ಲಿ, ಮರಳು ಅಗಲವಾಗಿರೋ ಕಡೆ, ಅಲ್ಲಿಗೇ ಮೇಕೆ ಹೊಡೆದುಕೊಂಡು ಹೋದೆ. ಮಡಿಲಲ್ಲಿ ಕಲ್ಲು. ಹಾಡುತ್ತಾ ಕಾದೆ. ಅವು ಬರಲಿಲ್ಲ. ಮರುದಿನವೂ ಬರಲಿಲ್ಲ. ಟಿಕೋಯಿಶಿ ಮರದ ಕೆಳಗೆ ಮಲಗಿ, ಚಿಕ್ಕಮ್ಮ ನಿನ್ನ ನೆಂಟರು ಬರಲಿಲ್ಲವಲ್ಲ, ಕರೆಯೋ ದನಿ ಸಿಹಿ ಸಾಲದು ಅಂತ ಚುಚ್ಚೋನು. ಮೇಕೆಗಳು ಬೇಲಿಯೊಳಗಿಂದ ಬಯಲಿಗೆ, ಬಯಲಿಂದ ಬೇಲಿಗೆ. ನಾನೂ ಅದೇ. ಗುಡ್ಡ ಎದುರಿಗೇ ಇತ್ತು, ಆ ಕಡೆ ಹೆಜ್ಜೆ ಇಡೋ ಹಾಗಿಲ್ಲ. ಮರಿಗಳು ಬದುಕಿವೆಯೋ ಇಲ್ಲವೋ ಅಂತ ಕೂಡ ನನಗೆ ಗೊತ್ತಿರಲಿಲ್ಲ. ಬರಲಿ ಅಂತ ಒಂದು ಮನಸ್ಸು, ಬರೋದೇ ಬೇಡ ಅಂತ ಇನ್ನೊಂದು. ರಾತ್ರಿ ಗಂಟಲು ಉರಿಯೋದು.

ಚಂದ್ರ ತುಂಬಿ ಕರಗೋಕೆ ಶುರುವಾಗಿದ್ದ ಹೊತ್ತಿಗೆ ಒಂದು ಬೆಳಿಗ್ಗೆ ಮೇಕೆಗಳು ಒಮ್ಮೆಗೇ ಮೇಯೋದು ನಿಲ್ಲಿಸಿದವು. ಎದುರು ದಡದ ಪೊದೆಯಿಂದ ಒಂದೊಂದಾಗಿ ಕಿವಿಗಳು ಎದ್ದವು. ಮುಂದೆ ಹರಕುಕಿವಿ. ಇನ್ನೂ ಹಾಲುಣಿಸ್ತಿದ್ದಳು, ಮೊಲೆ ಜೋಲುತ್ತಿತ್ತು. ನನಗೆ ಮೊದಲು ಹೊಳೆದದ್ದು ಅದೇ, ಹಾಲಿದೆ ಅಂದರೆ ಮರಿಗಳಿವೆ ಅಂತ. ಆ ಸಂತೋಷಕ್ಕೆ ನನ್ನ ಹಾಡು ಒಂದು ಗಳಿಗೆ ನಿಂತೇ ಹೋಯಿತು.

"ಹಾಡು ಚಿಕ್ಕಮ್ಮ" ಅಂದ ಟಿಕೋಯಿಶಿ ಹಿಂದಿನಿಂದ. ಅವನ ದನಿಯಲ್ಲಿ ಈಗ ತಮಾಷೆ ಇರಲಿಲ್ಲ.

ಹಾಡಿದೆ. ಬಾರೇ ಕರಿಯವಳೇ, ಬಾರೇ ಚುಕ್ಕೆಯವಳೇ. ಅವಳು ನನ್ನನ್ನ ಕಂಡಳು, ಗುರುತು ಹಿಡಿದಳು. ನನಗೆ ಅವಳ ಮುಖ ಗೊತ್ತು, ಬೆದರಿದಾಗ ಹೇಗೆ, ನೆಮ್ಮದಿಯಾಗಿದ್ದಾಗ ಹೇಗೆ ಅಂತ. ಕಿವಿ ಸಡಿಲಬಿಟ್ಟು ಮರಳಿಗೆ ಇಳಿದಳು. ದೂರ ಇದ್ದರೆ ಕಲ್ಲು ತಾಗೋದಿಲ್ಲ, ತಾಗಿದರೂ ನೋಯೋದಿಲ್ಲ. ಹತ್ತಿರ ಬರಬೇಕು. ಅದಕ್ಕೇ ದನಿಯನ್ನ ಇನ್ನೂ ಮೆತ್ತಗೆ ಮಾಡಿದೆ. ಮೋಸ ಮಾಡ್ತಿದ್ದೀನಿ ಅಂತ ನನಗೆ ಗೊತ್ತಿತ್ತು. ಅವಳು ಬಂದಳು. ನನ್ನನ್ನ ಬಳಸಿಕೊಂಡು, ಬಂಡೆಯನ್ನ ಬಳಸೋ ಹಾಗೆ, ಬಿಳಿ ಮೇಕೆಯ ಕಡೆ ಹೊರಟಳು.

ಮೊದಲ ಕಲ್ಲು ಪಕ್ಕೆಗೆ ಬಿತ್ತು. ಕುಂಯ್ ಅಂತ ಜಿಗಿದು ನಿಂತಳು. ನಿಂತು, ಯಾರು ಹೊಡೆದರು ಅಂತ ನನ್ನ ಹಿಂದೆ ನೋಡಿದಳು. ನಾನು ಅಂತ ಅವಳಿಗೆ ಅನ್ನಿಸಲೇ ಇಲ್ಲ. ನನ್ನ ಬೆನ್ನ ಹಿಂದೆ ಯಾರೋ ಇದ್ದಾರೆ ಅಂತ ಹುಡುಕಿದಳು.

ಅಲ್ಲಿಗೆ ನನ್ನ ಎದೆ ಒಡೀತು. ಆದರೂ ಹಾಡು ಬಿಡಲಿಲ್ಲ. ಬಿಟ್ಟರೆ ಕಲ್ಲಿಗೂ ಹಾಡಿಗೂ ನಂಟು ಬೀಳೋದಿಲ್ಲ, ಇಷ್ಟೂ ವ್ಯರ್ಥ. ಬಾರೇ ಚುಕ್ಕೆಯವಳೇ ಅಂತ ಕೂಗ್ತಾ ಎರಡನೇ ಕಲ್ಲು ಹೊಡೆದೆ, ಅವಳು ನನ್ನ ಕೈಯನ್ನೇ ನೋಡ್ತಿದ್ದಾಗ. ಅದು ಮುಂಗಾಲಿಗೆ ತಾಗಿತು. ಆಗ ಗೊತ್ತಾಯಿತು ಅವಳಿಗೆ. ತಿರುಗಿದಳು. ಉಳಿದವು ದಿಕ್ಕೆಟ್ಟು ನಿಂತಿದ್ದವು, ಅವುಗಳ ಮೇಲೂ ಬಿತ್ತು. ಒಂದು ಎಳೇ ಗಂಡು ಹೋದ ವರ್ಷ ನನ್ನ ಕಣ್ಣೆದುರೇ ಬೆಳೆದದ್ದು, ಅದು ಓಡದೆ ಮರಳಲ್ಲಿ ಅಂಗಾತ ಬಿದ್ದು ಹೊಟ್ಟೆ ತೋರಿಸಿತು. ಅದರ ಹೊಟ್ಟೆಗೂ ಹೊಡೆದೆ. ಸೊಟ್ಟಗಾಲು ಎಳೆದುಕೊಂಡು, ಹಾಡ್ತಾ, ಅಳ್ತಾ, ದಡ ಹತ್ತೋ ತನಕ ಅಟ್ಟಿಸಿಕೊಂಡು ಹೋದೆ. ಮಡಿಲು ಬರಿದಾದ ಮೇಲೆ ಮರಳು ಬಾಚಿ ಎಸೆದೆ.

ತಿರುಗಿ ಬಂದಾಗ ಟಿಕೋಯಿಶಿ ಮೇಕೆ ಎಣಿಸ್ತಿದ್ದ. ಎಲ್ಲವೂ ಇದ್ದವು. ನನ್ನ ನೀರಿನ ಬುರುಡೆ ತಾನೇ ಹೆಗಲಿಗೆ ಹಾಕಿಕೊಂಡು ಮನೆ ತನಕ ನಡೆದ.

ಆಮೇಲೆ ಅವು ಮತ್ತೆ ಒಂದು ಸಲ ಕಂಡವು, ದೂರದಲ್ಲಿ. ನಾಬಿಕಿ ಮಂದೆಯ ಜೊತೆಗಿದ್ದಳು, ಹಾಡಿದಳಂತೆ, ಗಾಳಿ ಬಂದು ಹೊತ್ತೊಯ್ದ ಹಾಗೆ ಮಾಯವಾದವಂತೆ. ಅವಳು ಆ ಸಂಜೆ ಕುಣೀತಾ ಬಂದು ಇಡೀ ಬೇಲಿಗೆ ಹೇಳಿದಳು. ಭಾವ ನನ್ನನ್ನ ಕರೆದು, ನಿನ್ನ ಮಾತು ಉಳೀತು, ನಮ್ಮದೂ ಉಳೀತು ಅಂದು ಹರಸಿ ನನ್ನ ತಲೆಯ ಮೇಲೆ ಹಾಲು ಚಿಮುಕಿಸಿದರು. ಟಿಕೋಯಿಶಿ ಬಾಗಿಲು ಬಿಟ್ಟು ಎದ್ದ. ವಿಷ ಎಲ್ಲಿಟ್ಟಿದ್ದಾರೆ ಅಂತ ಕೇಳಿದೆ. ಇನ್ನೂ ತಂದೇ ಇರಲಿಲ್ಲವಂತೆ. ಸುಳ್ಳೋ ನಿಜವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಬಾಗಿಲು ಬಿಟ್ಟುಕೊಟ್ಟರೂ ನನಗೆ ಗುಡ್ಡಕ್ಕೆ ಹೋಗೋಕೆ ಧೈರ್ಯ ಬರಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ? ಮುತ್ವಿರಿ ಫೋನಿನಲ್ಲಿ ಕೇಳ್ತಾನೇ ಇದ್ದ, ಮರಿಗಳು ಹೇಗಿವೆ, ತಾಯಿಯ ಕಾಲು ಹೇಗಿದೆ ಅಂತ. ಕಡೆಗೊಂದು ದಿನ ನಸುಕಿಗೆ ಹೊರಟೆ. ಗಾಳಿ ನನ್ನ ಮುಖಕ್ಕೆ ಬೀಸೋ ಹಾಗೆ ಸುತ್ತು ಹಾಕಿ, ಮುತ್ವಿರಿ ಮೊದಲ ದಿನ ಹೇಳಿಕೊಟ್ಟ ಹಾಗೆ ತುಟಿ ಬಿಚ್ಚದೆ ಬಂಡೆಯ ಹಿಂದೆ ಹೋಗಿ ಕೂತೆ. ಕಳ್ಳಿಯ ಹಾಗೆ.

ಮರಿಗಳು ಎಷ್ಟು ದೊಡ್ಡವಾಗಿದ್ದವು! ಕಾಲು ಉದ್ದವಾಗಿತ್ತು, ಮೈಮೇಲೆ ಬಣ್ಣ ಒಡೆದಿತ್ತು. ಯಾವುದೋ ಜಿಂಕೆಯ ಕಿವಿ ಹಿಡಿದು ಎಳೆದಾಡ್ತಿದ್ದವು. ಒಂದೂ ಕಡಿಮೆಯಾಗಿರಲಿಲ್ಲ. ಹರಕುಕಿವಿ ನೆರಳಲ್ಲಿ ಮಲಗಿದ್ದಳು. ಎದ್ದಾಗ ಮುಂಗಾಲು ಕುಂಟಿದಳು. ಬೇಟೆಯಿಂದ ಬಂದವನು ಮೊದಲು ಅವಳ ಮುಂದೆ ಕಕ್ಕಿದ. ಅದನ್ನ ನೋಡಿ ನನಗೆ ಎಷ್ಟೋ ಸಮಾಧಾನವಾಯಿತು. ಅಷ್ಟು ನೋಡಿ ಎದ್ದು ಬಂದಿದ್ದರೆ ಚೆನ್ನಾಗಿತ್ತು.

ಆದರೆ ನಾಳೆ ಇವಳು ಮತ್ತೆ ಮರೆತು ಮಂದೆಗೆ ಬಂದರೆ? ಈಗ ಈ ಮರಿಗಳೂ ಜೊತೆಗೆ ಬರ್ತವೆ. ನಾನು ಹೊಡೆದದ್ದು ದೊಡ್ಡವರಿಗೆ, ಮರಿಗಳಿಗೆ ಏನೂ ಗೊತ್ತಿಲ್ಲ. ತಿಳಿದುಕೊಳ್ಳಲೇಬೇಕು ಅನ್ನಿಸಿತು. ಹಾಗಂತ ನನಗೆ ನಾನೇ ಹೇಳಿಕೊಂಡೆ. ಒಳಗೊಳಗೆ ಇನ್ನೊಂದು ಆಸೆ ಇತ್ತು ಅಂತ ಈಗ ಹೇಳಿದರೆ ಏನು ನಷ್ಟ. ಇವಳಾ ಅಂತ ತಲೆ ಎತ್ತಿ ನೋಡಿ, ಮತ್ತೆ ತಲೆ ಇಡ್ತಾಳೇನೋ ಅಂತ.

ಮೆಲ್ಲಗೆ ಹಾಡಿದೆ. ಅರ್ಧ ಸಾಲು ಕೂಡ ಆಗಿರಲಿಲ್ಲ.

ಹರಕುಕಿವಿ ಒಂದೇ ಒಂದು ಸಲ ಬೊಗಳಿದಳು, ಗಂಟಲಾಳದಿಂದ. ಮರಿಗಳು ಆಟ ಬಿಟ್ಟು ಗವಿಗೆ ಬಿದ್ದವು. ಹಿಂದೆ ಉಳಿದ ಒಂದು ಚಿಕ್ಕದು ದನಿ ಬಂದ ಕಡೆ ನೋಡಿ, ಎಡವಿ, ಹೊಟ್ಟೆ ಎಳೆದುಕೊಂಡು ಒಳಗೆ ಹೋಯಿತು. ಅಂಗಳ ಖಾಲಿ. ಅವಳು ಕುಂಟುಗಾಲಲ್ಲಿ ಗವಿಯ ಬಾಯಿಗೆ ಅಡ್ಡ ನಿಂತು ಬಂಡೆಯ ಕಡೆ ಹಲ್ಲು ಬಿಟ್ಟಳು.

ಸೂರ್ಯ ನೆತ್ತಿಗೆ ಬರೋ ಮೊದಲೇ ಅವು ಹೊರಟವು. ಅವಳು ಮುಂದೆ, ಮರಿಗಳು ನಡುವೆ, ಉಳಿದವರು ಹಿಂದೆ. ಓಡೋಕೆ ಆಗದ ಆ ಚಿಕ್ಕದನ್ನ ಒಬ್ಬ ತಲೆ ಕಚ್ಚಿ ಎತ್ತಿಕೊಂಡ. ಕಲ್ಲುನೆಲದ ಮೇಲೆ, ಹೆಜ್ಜೆ ಮೂಡದ ಕಡೆಯಿಂದ, ಬೆನ್ನುಗುಡ್ಡ ದಾಟಿ ಆಚೆ ಇಳಿದುಹೋದವು. ನಾನು ಹಿಂದೆ ಹೋಗಲಿಲ್ಲ.

ಮನೆಗೆ ಬಂದಾಗ ಟಿಕೋಯಿಶಿ ಬೇಲಿಯ ಹತ್ತಿರ ಕೂತಿದ್ದ. ಎಲ್ಲಿಗೆ ಹೋಗಿದ್ದೆ ಚಿಕ್ಕಮ್ಮ ಅಂತ ಅಭ್ಯಾಸಕ್ಕೆ ಕೇಳಿದ. ಗವಿ ನೋಡಬೇಕು ಅಂತಿದ್ದೆಯಲ್ಲ, ಬಾ ಅಂದೆ. ಅವನು ನಂಬಲಿಲ್ಲ. ಆಮೇಲೆ ಎದ್ದು ಬಂದ. ಈಟಿಯನ್ನ ಬೇಲಿಗೆ ಒರಗಿಸಿಟ್ಟು ಬಂದ. ಮುಂದೆ ನಾನು ನಡೆದೆ, ಸೊಟ್ಟ ಹೆಜ್ಜೆ ಎಲ್ಲರಿಗೂ ಕಾಣೋ ಹಾಗೆ.

ಗವಿಯ ಮುಂದೆ ಅವನು ಮಂಡಿಯೂರಿ ಒಳಗೆ ಕೈ ಹಾಕಿದ. ಕೂದಲು, ಮೂಳೆಚೂರು, ಮರಿಗಳ ನಾತ. ಜಿಂಕೆಯ ಕಿವಿ ಹೊರಗೆ ಬಿದ್ದಿತ್ತು. ಅವನು ಕೈ ಮೂಸಿ ನೋಡಿಕೊಂಡ.

"ಈಗ ಎಲ್ಲಿವೆ?" ಅಂದ.

"ಗೊತ್ತಿಲ್ಲ" ಅಂದೆ. ಇನ್ನು ಯಾರು ಕೇಳಿದರೂ, ಹುಲ್ಲು ಕೊಟ್ಟು ಕೇಳಿದರೂ ನನಗೆ ಗೊತ್ತಿರಲಿಲ್ಲ. ಗವಿಯ ಬಾಯಲ್ಲೇ ಕೂತು ಅತ್ತುಬಿಟ್ಟೆ. ಟಿಕೋಯಿಶಿ ಏನು ಮಾಡಬೇಕು ಅಂತ ತಿಳಿಯದೆ ಪಕ್ಕದಲ್ಲಿ ನಿಂತಿದ್ದ.